ಕ್ಯಾಮ್‌ಶಾಫ್ಟ್‌ಗೆ ತಕ್ಕ ವಾಲ್ವ್ ಸ್ಪ್ರಿಂಗ್: ಬಿಡಿಭಾಗಗಳ ವ್ಯವಹಾರದಲ್ಲಿ ಹೊಂದಾಣಿಕೆಯ ಮಹತ್ವ

ಎಂಜಿನ್ ಪುನರ್ನಿರ್ಮಾಣದ ಕಾರ್ಯದಲ್ಲಿ ವಾಲ್ವ್ ಸ್ಪ್ರಿಂಗ್ ಅತ್ಯಂತ ಅಲ್ಪ ಬೆಲೆಯ ಭಾಗಗಳಲ್ಲಿ ಒಂದು. ಬಿಲ್ಲಿನಲ್ಲಿ ಅದಕ್ಕೆ ಒಂದೇ ಸಾಲು. ಗ್ರಾಹಕರ ಚೌಕಾಶಿಯಲ್ಲಿ ಮೊದಲು ಕೈಬಿಡಲಾಗುವ ಸಾಲೂ ಅದೇ. ಆದರೆ ಪುನರ್ನಿರ್ಮಿತ ಎಂಜಿನ್ ಕೆಲವೇ ದಿನಗಳಲ್ಲಿ ಹಾಳಾಗಿ ಹಿಂದಿರುಗಿದಾಗ, ವಿವಾದ ಬಹುಮಟ್ಟಿಗೆ ಸುತ್ತುವುದು ಈ ಒಂದು ಸಾಲಿನ ಸುತ್ತಲೇ. ಬಿಡಿಭಾಗ ಮಾರಿದವನು, ಅಳವಡಿಸಿದವನು ಮತ್ತು ತಯಾರಿಸಿದವನು, ಈ ಮೂವರಲ್ಲಿ ನಷ್ಟವನ್ನು ಭರಿಸಬೇಕಾದವರು ಯಾರು ಎಂಬ ಪ್ರಶ್ನೆ ಆಗ ಉದ್ಭವಿಸುತ್ತದೆ.

ವಾಹನ ಬಿಡಿಭಾಗಗಳ ವ್ಯಾಪಾರಿಗಳು ಹಾಗೂ ಸಣ್ಣ ಉತ್ಪಾದಕರ ಲೆಕ್ಕಪತ್ರಗಳನ್ನು ಪರಿಶೀಲಿಸುವ ವೃತ್ತಿಯಲ್ಲಿರುವ ನನಗೆ ತಾಂತ್ರಿಕ ವಿಷಯಗಳಲ್ಲಿ ಪಾಂಡಿತ್ಯವಿದೆಯೆಂದು ಹೇಳಲಾರೆ. ಆದರೂ ಈ ವಿಷಯದಲ್ಲಿ ತಂತ್ರಜ್ಞಾನ, ಹಣದ ಲೆಕ್ಕ ಮತ್ತು ಕಾನೂನು ಮೂರೂ ಒಂದೆಡೆ ಸೇರುತ್ತವೆ. ಒಂದನ್ನು ಅರಿಯದೆ ಮತ್ತೊಂದನ್ನು ಅರಿಯಲು ಸಾಧ್ಯವಿಲ್ಲ. ಆದುದರಿಂದ ಮೊದಲು ಸ್ಪ್ರಿಂಗ್‌ನ ವಿಚಾರವನ್ನೂ, ಅನಂತರ ಅದರ ವ್ಯಾವಹಾರಿಕ ಪರಿಣಾಮಗಳನ್ನೂ ಇಲ್ಲಿ ವಿವರಿಸಲಾಗಿದೆ.

ಉದ್ಯಮದ ಹಿನ್ನೆಲೆ

ಮೂಲ ತಯಾರಕರ ಕ್ಯಾಮ್‌ಶಾಫ್ಟ್ ತೆಗೆದು ಬೇರೆ ತಯಾರಕರ, ಹೆಚ್ಚು ಶಕ್ತಿ ನೀಡುವ ಕ್ಯಾಮ್‌ಶಾಫ್ಟ್ ಅಳವಡಿಸುವ ಪದ್ಧತಿ ಒಂದು ಪ್ರತ್ಯೇಕ ಉದ್ಯಮವಾಗಿ ಬೆಳೆದದ್ದು ಅಮೆರಿಕದಲ್ಲಿ, ವಿಶೇಷವಾಗಿ ಎರಡನೆಯ ಮಹಾಯುದ್ಧದ ನಂತರದ ಕ್ಯಾಲಿಫೋರ್ನಿಯಾದಲ್ಲಿ. ಅರ್ಮೇನಿಯನ್ ಮೂಲದ ಕುಟುಂಬದಲ್ಲಿ 1921ರಲ್ಲಿ ಜನಿಸಿದ ಎಡ್ ಇಸ್ಕೆಂಡೇರಿಯನ್ ಅವರು ಯುದ್ಧಾನಂತರ ಚಿಕ್ಕ ಕಾರ್ಯಾಗಾರವೊಂದರಲ್ಲಿ ಕ್ಯಾಮ್‌ಶಾಫ್ಟ್ ಅರೆಯುವ ಯಂತ್ರವನ್ನಿರಿಸಿಕೊಂಡು ವ್ಯವಹಾರ ಆರಂಭಿಸಿದರು. ಇಂತಹ ಹಲವಾರು ಸಣ್ಣ ಉತ್ಪಾದಕರು ಒಗ್ಗೂಡಿ 1963ರಲ್ಲಿ ಸ್ಥಾಪಿಸಿದ ಸಂಘವೇ ‘ಸೆಮಾ’. ಇಸ್ಕೆಂಡೇರಿಯನ್ ಅವರೇ ಅದರ ಪ್ರಥಮ ಅಧ್ಯಕ್ಷರು. ರೇಸಿಂಗ್ ಬಿಡಿಭಾಗಗಳಿಗೆ ಸುರಕ್ಷತಾ ಮಾನದಂಡಗಳನ್ನು ರೂಪಿಸುವುದು ಈ ಸಂಘದ ಆರಂಭಿಕ ಕಾರ್ಯಗಳಲ್ಲಿ ಮುಖ್ಯವಾಗಿತ್ತು. ಪರಸ್ಪರ ಸ್ಪರ್ಧಿಗಳಾಗಿದ್ದವರು ಸಾಮಾನ್ಯ ಮಾನದಂಡಕ್ಕಾಗಿ ಒಂದೇ ಮೇಜಿನ ಸುತ್ತ ಕುಳಿತರು ಎಂಬುದು ವಾಣಿಜ್ಯ ಸಂಸ್ಥೆಗಳ ಸದಸ್ಯರು ಗಮನಿಸತಕ್ಕ ಸಂಗತಿ.

ಈ ಉದ್ಯಮದ ಬೆನ್ನೆಲುಬಾಗಿದ್ದ ಎಂಜಿನ್ ಎಂದರೆ ಜನರಲ್ ಮೋಟಾರ್ಸ್‌ನ ಷೆವ್ರೊಲೆ ‘ಸ್ಮಾಲ್ ಬ್ಲಾಕ್’ ವಿ-8. ಇದು 1955ರ ಮಾದರಿಗಳೊಂದಿಗೆ 265 ಘನ ಇಂಚಿನ ಗಾತ್ರದಲ್ಲಿ ಮಾರುಕಟ್ಟೆಗೆ ಬಂದಿತು. 1967ರಲ್ಲಿ 350 ಘನ ಇಂಚಿನ, ಅಂದರೆ 5.7 ಲೀಟರ್‌ನ ರೂಪ ಪಡೆಯಿತು. ದಶಕಗಳ ಕಾಲ ಬೃಹತ್ ಸಂಖ್ಯೆಯಲ್ಲಿ ತಯಾರಾದುದರಿಂದ ಈ ಎಂಜಿನ್‌ಗೆ ಹೊಂದುವ ಕ್ಯಾಮ್‌ಶಾಫ್ಟ್ ಮತ್ತು ಸ್ಪ್ರಿಂಗ್‌ಗಳ ಕ್ಯಾಟಲಾಗ್ ಅತ್ಯಂತ ವಿಸ್ತಾರವಾದದ್ದು. ಈ ಲೇಖನದ ಉದಾಹರಣೆಗಳನ್ನು ಇದೇ ಎಂಜಿನ್‌ನಿಂದ ಆಯ್ದುಕೊಳ್ಳಲಾಗಿದೆ.

ಸ್ಪ್ರಿಂಗ್‌ನ ಕರ್ತವ್ಯ

ಕ್ಯಾಮ್‌ಶಾಫ್ಟ್‌ನ ಮೇಲಿರುವ ಅಂಡಾಕಾರದ ಉಬ್ಬು, ಅಂದರೆ ಲೋಬ್, ಟ್ಯಾಪೆಟ್ ಅನ್ನು ಎತ್ತುತ್ತದೆ. ಟ್ಯಾಪೆಟ್ ಪುಶ್‌ರಾಡ್ ಅನ್ನು ತಳ್ಳುತ್ತದೆ. ರಾಕರ್ ಆರ್ಮ್ ಆ ಚಲನೆಯನ್ನು ತಿರುಗಿಸಿ, ಹಿಗ್ಗಿಸಿ, ವಾಲ್ವ್ ಅನ್ನು ತೆರೆಯುತ್ತದೆ. ತೆರೆಯುವ ಕೆಲಸ ಕ್ಯಾಮ್‌ನದು. ಆದರೆ ಮುಚ್ಚುವ ಕೆಲಸ ಸಂಪೂರ್ಣವಾಗಿ ಸ್ಪ್ರಿಂಗ್‌ನದು. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಕ್ಯಾಮ್‌ಶಾಫ್ಟ್ 3000 ಸುತ್ತು ತಿರುಗುತ್ತದೆ. ಅಂದರೆ ಪ್ರತಿಯೊಂದು ಸ್ಪ್ರಿಂಗ್ ಸೆಕೆಂಡಿಗೆ 50 ಬಾರಿ, ಗಂಟೆಗೆ 1,80,000 ಬಾರಿ ಅದುಮಲ್ಪಟ್ಟು ಹಿಗ್ಗುತ್ತದೆ. ಇಷ್ಟು ಬಾರಿಯೂ ಟ್ಯಾಪೆಟ್ ಲೋಬ್‌ನ ಮೇಲಿಂದ ಕ್ಷಣಮಾತ್ರವೂ ಮೇಲೇಳದಂತೆ ಅದು ನೋಡಿಕೊಳ್ಳಬೇಕು.

ಬೇರೆ ಕ್ಯಾಮ್‌ಶಾಫ್ಟ್ ಅಳವಡಿಸಿದಾಗ ವಾಲ್ವ್ ಹೆಚ್ಚು ಎತ್ತರಕ್ಕೆ ತೆರೆದುಕೊಳ್ಳುವುದಲ್ಲದೆ, ಹೆಚ್ಚು ವೇಗದಿಂದಲೂ ತೆರೆದು ಮುಚ್ಚುತ್ತದೆ. ಎಂಜಿನ್ ಅನ್ನು ಹೆಚ್ಚು ಸುತ್ತುಗಳಲ್ಲಿ ಓಡಿಸುವ ಉದ್ದೇಶವೂ ಇರುತ್ತದೆ. ಮೂಲ ಸ್ಪ್ರಿಂಗ್ ಅನ್ನು ಮೂಲ ಕ್ಯಾಮ್‌ಗಾಗಿ ಲೆಕ್ಕ ಹಾಕಿ ಮಾಡಲಾಗಿದೆ. ಕ್ಯಾಮ್ ಬದಲಾದಾಗ ಆ ಲೆಕ್ಕವೂ ಬದಲಾಗಲೇಬೇಕು.

ಸ್ಪ್ರಿಂಗ್‌ನ ‘ಜಮಾ-ಖರ್ಚು’

ಸ್ಪ್ರಿಂಗ್ ಆಯ್ಕೆಗೆ ಐದು ಅಂಕಿಗಳು ಅವಶ್ಯ: ಅಳವಡಿಕೆಯ ಎತ್ತರ, ವಾಲ್ವ್ ಮುಚ್ಚಿದಾಗಿನ ಒತ್ತಡ, ಸ್ಪ್ರಿಂಗ್ ದರ, ವಾಲ್ವ್ ತೆರೆದಾಗಿನ ಒತ್ತಡ ಮತ್ತು ಸುರುಳಿಗಳು ಒಂದಕ್ಕೊಂದು ತಾಗುವ ಎತ್ತರ. ಕೊನೆಯದನ್ನು ವ್ಯಾಪಾರದ ಭಾಷೆಯಲ್ಲಿ ‘ಕಾಯಿಲ್ ಬೈಂಡ್’ ಎನ್ನುವರು. ಅಮೆರಿಕದ ಕ್ಯಾಟಲಾಗ್‌ಗಳು ಇಂಚು ಮತ್ತು ಪೌಂಡ್‌ಗಳಲ್ಲಿರುವುದರಿಂದ ಅವನ್ನೇ ಇಲ್ಲಿ ಬಳಸಲಾಗಿದೆ. ಒಂದು ಇಂಚು ಎಂದರೆ 25.4 ಮಿ.ಮೀ.; ಒಂದು ಪೌಂಡ್ ಎಂದರೆ ಸುಮಾರು 0.454 ಕಿ.ಗ್ರಾಂ. ಅಥವಾ 4.45 ನ್ಯೂಟನ್.

350 ಘನ ಇಂಚಿನ ಸಾಮಾನ್ಯ ಎಂಜಿನ್‌ನ ಮೂಲ ಸ್ಪ್ರಿಂಗ್, 1.70 ಇಂಚು ಅಳವಡಿಕೆಯ ಎತ್ತರದಲ್ಲಿ ಸುಮಾರು 80 ಪೌಂಡ್ ಒತ್ತಡವನ್ನೂ, 1.25 ಇಂಚಿಗೆ ಅದುಮಿದಾಗ ಸುಮಾರು 200 ಪೌಂಡ್ ಒತ್ತಡವನ್ನೂ ನೀಡುತ್ತದೆ. ಅಂದರೆ 0.45 ಇಂಚಿಗೆ 120 ಪೌಂಡ್ ಏರಿಕೆ. ಇಂಚಿಗೆ ಸುಮಾರು 267 ಪೌಂಡ್ ದರ. ಮೂಲ ಕ್ಯಾಮ್‌ನಲ್ಲಿ ವಾಲ್ವ್‌ನ ಲಿಫ್ಟ್ 0.4 ಇಂಚಿನ ಆಸುಪಾಸಿನಲ್ಲಿರುವಾಗ ಇದು ಸಾಕು.

ಈಗ 0.300 ಇಂಚು ಲೋಬ್ ಎತ್ತರವುಳ್ಳ ಬದಲಿ ಕ್ಯಾಮ್ ಅಳವಡಿಸಲಾಗಿದೆ ಎಂದಿಟ್ಟುಕೊಳ್ಳೋಣ. ಈ ಎಂಜಿನ್‌ನ ರಾಕರ್ ಅನುಪಾತ 1.5. ಆದ್ದರಿಂದ ವಾಲ್ವ್ ಲಿಫ್ಟ್ 0.450 ಇಂಚು. ಇದಕ್ಕೆ 1.70 ಇಂಚಿನಲ್ಲಿ 105 ಪೌಂಡ್, ಇಂಚಿಗೆ 370 ಪೌಂಡ್ ದರ ಮತ್ತು 1.15 ಇಂಚಿನಲ್ಲಿ ಕಾಯಿಲ್ ಬೈಂಡ್ ಇರುವ ಸ್ಪ್ರಿಂಗ್ ಆರಿಸಿದರೆ ಲೆಕ್ಕ ಹೀಗಾಗುತ್ತದೆ:

1. ತೆರೆದ ಸ್ಥಿತಿಯ ಎತ್ತರ: 1.70 ರಲ್ಲಿ 0.45 ಕಳೆದರೆ 1.25 ಇಂಚು.
2. ತೆರೆದ ಸ್ಥಿತಿಯ ಒತ್ತಡ: 0.45 ಅನ್ನು 370ರಿಂದ ಗುಣಿಸಿದರೆ 166.5, ಅದಕ್ಕೆ 105 ಕೂಡಿಸಿದರೆ 271.5 ಪೌಂಡ್, ಅಂದರೆ ಸುಮಾರು 123 ಕಿ.ಗ್ರಾಂ.
3. ಕಾಯಿಲ್ ಬೈಂಡ್‌ಗೆ ಉಳಿದ ಅಂತರ: 1.25 ರಲ್ಲಿ 1.15 ಕಳೆದರೆ 0.10 ಇಂಚು.

ಕಾಯಿಲ್ ಬೈಂಡ್‌ಗೆ ಕನಿಷ್ಠ 0.060 ಇಂಚು ಅಂತರ ಉಳಿಸುವುದು ಬಹುಕಾಲದ ರೂಢಿ. ಆದುದರಿಂದ ಇಲ್ಲಿ 0.040 ಇಂಚು ಹೆಚ್ಚುವರಿ ‘ಮೀಸಲು’ ಇದೆ. ಇದೇ ಗ್ರಾಹಕ ಮುಂದೆ 1.6 ಅನುಪಾತದ ರಾಕರ್ ಖರೀದಿಸಿದರೆ ಲಿಫ್ಟ್ 0.480 ಆಗುತ್ತದೆ, ಅಂತರ 0.070ಕ್ಕೆ ಇಳಿಯುತ್ತದೆ, ಒತ್ತಡ ಸುಮಾರು 283 ಪೌಂಡ್‌ಗೆ ಏರುತ್ತದೆ. ಮೀಸಲು ಬಹುಪಾಲು ಖರ್ಚಾಯಿತು. ರಾಕರ್ ಮಾರಿದವನಿಗೆ ಸ್ಪ್ರಿಂಗ್‌ನ ವಿವರ ಗೊತ್ತಿಲ್ಲದಿದ್ದರೆ ಈ ಅಪಾಯ ಆತನ ಗಮನಕ್ಕೇ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಯಾವ ಎತ್ತರದಲ್ಲಿ ಎಂದು ಹೇಳದೆ ‘105 ಪೌಂಡ್ ಸ್ಪ್ರಿಂಗ್’ ಎನ್ನುವುದು, ದಿನಾಂಕವಿಲ್ಲದೆ ಬ್ಯಾಂಕ್ ಶಿಲ್ಕು ಹೇಳಿದಂತೆ. ಮೇಲಿನ ಸ್ಪ್ರಿಂಗ್ ಅನ್ನೇ 1.80 ಇಂಚು ಎತ್ತರದಲ್ಲಿ ಕೂರಿಸಿದರೆ ಒತ್ತಡ 37 ಪೌಂಡ್ ಕುಸಿದು 68ಕ್ಕೆ ಇಳಿಯುತ್ತದೆ. ಬೇರೆ ಬೇರೆ ತಯಾರಕರು ಬೇರೆ ಬೇರೆ ಎತ್ತರಗಳಲ್ಲಿ ಅಂಕಿ ನೀಡುವುದುಂಟು. ಅವನ್ನು ಒಂದೇ ಎತ್ತರಕ್ಕೆ ತಂದು ಹೋಲಿಸದೆ ಖರೀದಿ ಆದೇಶ ನೀಡಕೂಡದು.

ಕಡಿಮೆಯಾದರೂ ದೋಷ, ಹೆಚ್ಚಾದರೂ ದೋಷ

ಒತ್ತಡ ಕಡಿಮೆಯಾದರೆ ಹೆಚ್ಚಿನ ವೇಗದಲ್ಲಿ ಟ್ಯಾಪೆಟ್ ಲೋಬ್ ಅನ್ನು ಅನುಸರಿಸದೆ ಮೇಲೆ ತೇಲುತ್ತದೆ. ವಾಲ್ವ್ ಆಸನಕ್ಕೆ ಬಡಿದು ಪುಟಿಯುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ ಆ ಸಡಿಲವನ್ನು ಎಣ್ಣೆಯಿಂದ ತುಂಬಿಕೊಂಡು ಹಿಗ್ಗುವುದರಿಂದ ವಾಲ್ವ್ ಪೂರ್ಣವಾಗಿ ಮುಚ್ಚದೆ ಉಳಿಯುತ್ತದೆ. ಶಕ್ತಿ ಹಠಾತ್ತನೆ ಕುಸಿಯುತ್ತದೆ. ಕೆಟ್ಟ ಸಂದರ್ಭದಲ್ಲಿ ವಾಲ್ವ್ ಪಿಸ್ಟನ್‌ಗೆ ತಾಗಿ ಎರಡೂ ನಾಶವಾಗುತ್ತವೆ.

ಹಾಗೆಂದು ‘ಗಟ್ಟಿಯಾದುದೇ ಉತ್ತಮ’ ಎಂದು ಭಾವಿಸುವುದು ಇನ್ನೂ ದೊಡ್ಡ ತಪ್ಪು. ಚಪ್ಪಟೆ ತಳದ ಟ್ಯಾಪೆಟ್ ಲೋಬ್‌ನ ಮೇಲೆ ಉರುಳುವುದಿಲ್ಲ, ಜಾರುತ್ತದೆ. ಲೋಬ್‌ಗೆ ಅಲ್ಪ ಇಳಿಜಾರನ್ನೂ ಟ್ಯಾಪೆಟ್‌ನ ತಳಕ್ಕೆ ಅಲ್ಪ ಉಬ್ಬನ್ನೂ ನೀಡಿ, ಅದು ತನ್ನ ಸುತ್ತ ತಾನೇ ತಿರುಗುವಂತೆ ಮಾಡಲಾಗಿರುತ್ತದೆ. ಒತ್ತಡ ಮಿತಿ ಮೀರಿದರೆ ನಡುವಿನ ಎಣ್ಣೆಯ ಪದರ ಹರಿದು, ಲೋಬ್ ನಿಮಿಷಗಳಲ್ಲಿ ಸವೆದುಹೋಗಬಲ್ಲದು. ಈ ಕಾರಣದಿಂದ ಚಪ್ಪಟೆ ತಳದ ಹೈಡ್ರಾಲಿಕ್ ಟ್ಯಾಪೆಟ್‌ಗಳಿಗೆ ಸಾಮಾನ್ಯವಾಗಿ ಮುಚ್ಚಿದಾಗ 90ರಿಂದ 120 ಪೌಂಡ್, ತೆರೆದಾಗ ಸುಮಾರು 300 ಪೌಂಡ್ ಮೀರದಂತೆ ಸ್ಪ್ರಿಂಗ್ ಆರಿಸುವರು. ಜನರಲ್ ಮೋಟಾರ್ಸ್ 1987ರಿಂದ ಈ ಎಂಜಿನ್‌ನ ಕಾರುಗಳಿಗೆ ಅಳವಡಿಸತೊಡಗಿದ ರೋಲರ್ ಟ್ಯಾಪೆಟ್‌ಗೆ ತಳದಲ್ಲಿ ಉರುಳೆ ಇರುವುದರಿಂದ ಅದು ಇನ್ನೂ ಹೆಚ್ಚಿನ ಒತ್ತಡವನ್ನು ತಾಳಬಲ್ಲದು. ಅದರ ಲೋಬ್ ಇನ್ನೂ ಕಡಿದಾಗಿರುವುದರಿಂದ ಅದಕ್ಕೆ ಹೆಚ್ಚಿನ ಒತ್ತಡ ಬೇಕೂ ಬೇಕು. ರೋಲರ್ ಕ್ಯಾಮ್‌ನ ಸ್ಪ್ರಿಂಗ್ ಅನ್ನು ಚಪ್ಪಟೆ ಟ್ಯಾಪೆಟ್‌ಗೆ ಮಾರುವುದು ಎಂದರೆ ಲೋಬ್‌ನ ಆಯುಷ್ಯವನ್ನು ಕತ್ತರಿಸಿದಂತೆ.

ಅತಿ ಒತ್ತಡದ ಪರಿಣಾಮ ಲೋಬ್‌ಗೆ ಸೀಮಿತವಲ್ಲ. ಹಳೆಯ ಸ್ಮಾಲ್ ಬ್ಲಾಕ್ ಹೆಡ್‌ಗಳಲ್ಲಿ ರಾಕರ್ ಸ್ಟಡ್‌ಗಳನ್ನು ಒತ್ತಿ ಕೂರಿಸಲಾಗಿರುತ್ತದೆ; ತಿರುಪಿನಿಂದ ಬಿಗಿದಿರುವುದಿಲ್ಲ. ಬಲವಾದ ಸ್ಪ್ರಿಂಗ್ ಹಾಕಿದಾಗ ಅವು ಮೇಲಕ್ಕೆ ಕಿತ್ತು ಬರಬಹುದು, ತೆಳುವಾದ ಪುಶ್‌ರಾಡ್ ಬಾಗಬಹುದು. ಅಂದರೆ ಸ್ಪ್ರಿಂಗ್ ಬದಲಾವಣೆಯು ಸ್ಟಡ್, ಪುಶ್‌ರಾಡ್, ರಿಟೇನರ್ ಮತ್ತು ಲಾಕ್‌ಗಳ ಬದಲಾವಣೆಯನ್ನೂ ಬೇಡುತ್ತದೆ.

ಇನ್ನೊಂದು ಅಂಶ ಸ್ಪ್ರಿಂಗ್‌ನ ಸ್ವಾಭಾವಿಕ ಕಂಪನ. ನಿರ್ದಿಷ್ಟ ವೇಗದಲ್ಲಿ ಕ್ಯಾಮ್‌ನ ಚಲನೆ ಈ ಕಂಪನದೊಡನೆ ಮೇಳವಿಸಿದರೆ ಸುರುಳಿಗಳಲ್ಲಿ ಅಲೆ ಏಳುತ್ತದೆ, ಒತ್ತಡ ಏರಿಳಿಯುತ್ತದೆ. ಇದನ್ನು ತಡೆಯಲು ಒಳಗೆ ಚಪ್ಪಟೆ ಪಟ್ಟಿಯ ಡ್ಯಾಂಪರ್ ಇಡುವುದು, ಎರಡು ಸ್ಪ್ರಿಂಗ್‌ಗಳನ್ನು ಒಂದರೊಳಗೊಂದು ವಿರುದ್ಧ ದಿಕ್ಕಿನಲ್ಲಿ ಸುತ್ತಿ ಕೂರಿಸುವುದು, ಜೇನುಗೂಡಿನಂತೆ ಮೇಲೆ ಕಿರಿದಾಗುವ ಸ್ಪ್ರಿಂಗ್ ಬಳಸುವುದು ಮೊದಲಾದ ಉಪಾಯಗಳಿವೆ. ಕೊನೆಯದರಲ್ಲಿ ರಿಟೇನರ್ ಚಿಕ್ಕದಾಗಿ, ಚಲಿಸುವ ತೂಕ ಕಡಿಮೆಯಾಗುವುದು ಮತ್ತೊಂದು ಲಾಭ.

ಎಣ್ಣೆ ಬದಲಾದುದರಿಂದ ಬಂದ ಪಾಠ

ಹಳೆಯ ಎಂಜಿನ್ ಎಣ್ಣೆಗಳಲ್ಲಿ ಸತು ಮತ್ತು ರಂಜಕವುಳ್ಳ ‘ಜಡ್‌ಡಿಡಿಪಿ’ ಎಂಬ ಸವೆತನಿರೋಧಕವನ್ನು ಧಾರಾಳವಾಗಿ ಬೆರೆಸಲಾಗುತ್ತಿತ್ತು. ರಂಜಕವು ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ಕ್ರಮೇಣ ಕೆಡಿಸುವುದರಿಂದ, ಕಾರುಗಳ ಎಣ್ಣೆಯಲ್ಲಿ ಅದರ ಮಿತಿಯನ್ನು ಹಂತ ಹಂತವಾಗಿ ಇಳಿಸಲಾಯಿತು. 2004ರಲ್ಲಿ ಜಾರಿಗೆ ಬಂದ ಎ.ಪಿ.ಐ. ‘ಎಸ್‌ಎಂ’ ದರ್ಜೆಯಲ್ಲಿ, ಸಾಮಾನ್ಯ ಬಳಕೆಯ ತೆಳು ಎಣ್ಣೆಗಳಿಗೆ ರಂಜಕದ ಗರಿಷ್ಠ ಮಿತಿ ಶೇ. 0.08. ಹೊಸ ಕಾರುಗಳು ರೋಲರ್ ಬಳಸುತ್ತಿದ್ದುದರಿಂದ ಅವುಗಳಿಗೆ ತೊಂದರೆಯಾಗಲಿಲ್ಲ. ಆದರೆ ಚಪ್ಪಟೆ ಟ್ಯಾಪೆಟ್‌ನ ಹಳೆಯ ಎಂಜಿನ್‌ಗಳನ್ನು ಪುನರ್ನಿರ್ಮಿಸುವವರಲ್ಲಿ, ಹೊಸ ಕ್ಯಾಮ್ ಮೊದಲ ಓಟದಲ್ಲಿಯೇ ಸವೆದುಹೋಗುವ ದೂರುಗಳು ಹೆಚ್ಚಿದವು.

ಕ್ಯಾಮ್ ತಯಾರಕರು ಇದಕ್ಕೆ ನೀಡಿದ ಉತ್ತರ ಬೋಧಪ್ರದ. ಅವರು ಸೂಚನಾ ಪತ್ರಗಳನ್ನು ವಿಸ್ತರಿಸಿದರು: ಹೆಚ್ಚು ಜಡ್‌ಡಿಡಿಪಿ ಇರುವ ಎಣ್ಣೆ ಬಳಸಬೇಕು, ಎರಡು ಸ್ಪ್ರಿಂಗ್‌ಗಳಿದ್ದರೆ ಮೊದಲ ಓಟಕ್ಕೆ ಒಳಗಿನದನ್ನು ತೆಗೆದಿಡಬೇಕು, ಎಂಜಿನ್ ಚಾಲೂ ಆದೊಡನೆ ನಿಶ್ಚಲ ವೇಗದಲ್ಲಿ ಬಿಡದೆ 20ರಿಂದ 30 ನಿಮಿಷಗಳ ಕಾಲ ಸುಮಾರು 2000ದಿಂದ 2500 ಸುತ್ತುಗಳಲ್ಲಿ ಓಡಿಸಬೇಕು. ಸರಕು ಮಾರಾಟವಾದ ನಂತರವೂ ಅದರೊಂದಿಗೆ ಮಾಹಿತಿ ಹೋಗಬೇಕೆಂಬುದನ್ನು ಈ ಪ್ರಸಂಗ ಆ ಉದ್ಯಮಕ್ಕೆ ಕಲಿಸಿತು. ಕ್ಯಾಮ್‌ಶಾಫ್ಟ್‌ನ ಪೆಟ್ಟಿಗೆಯಲ್ಲಿ ಬರುವ ‘ಕ್ಯಾಮ್ ಕಾರ್ಡ್’ ಲಿಫ್ಟ್, ತೆರೆದು ಮುಚ್ಚುವ ಕೋನಗಳು ಹಾಗೂ ಶಿಫಾರಸು ಮಾಡಿದ ಸ್ಪ್ರಿಂಗ್ ಇತ್ಯಾದಿಗಳನ್ನು ಒಳಗೊಂಡಿರುತ್ತದೆ. ಕ್ಯಾಮ್‌ನ ಅವಧಿಯನ್ನು 0.050 ಇಂಚಿನ ಟ್ಯಾಪೆಟ್ ಚಲನೆಯಲ್ಲಿ ಅಳೆದು ತಿಳಿಸುವ ರೂಢಿಯೂ ಇದೆ. ಇದರಿಂದ ಬೇರೆ ಬೇರೆ ತಯಾರಕರ ಕ್ಯಾಮ್‌ಗಳನ್ನು ಗ್ರಾಹಕನು ಒಂದೇ ಅಳತೆಗೋಲಿನಿಂದ ತೂಗಿ ನೋಡಬಲ್ಲನು.

ಹೆಡ್ ದುರಸ್ತಿಯ ನಂತರವೇ ಅಳತೆ

ಪುನರ್ನಿರ್ಮಾಣದಲ್ಲಿ ವಾಲ್ವ್‌ನ ಆಸನವನ್ನು ಅರೆದು ಹೊಸದಾಗಿಸುವುದು ಸಾಮಾನ್ಯ. ಅರೆದಷ್ಟೂ ವಾಲ್ವ್ ಹೆಡ್‌ನೊಳಗೆ ಇಳಿಯುತ್ತದೆ, ಅದರ ಕಾಂಡ ಮೇಲಕ್ಕೆ ಏಳುತ್ತದೆ, ಸ್ಪ್ರಿಂಗ್‌ನ ಅಳವಡಿಕೆಯ ಎತ್ತರ ಹೆಚ್ಚುತ್ತದೆ. ಕೇವಲ 0.030 ಇಂಚು ಇಳಿದರೂ, ಮೇಲಿನ ಉದಾಹರಣೆಯಲ್ಲಿ 11 ಪೌಂಡ್ ಒತ್ತಡ ನಷ್ಟವಾಗಿ 105 ಪೌಂಡ್‌ನ ಸ್ಪ್ರಿಂಗ್ 94 ಪೌಂಡ್‌ನದಾಗುತ್ತದೆ. ಎಂಟು ಸಿಲಿಂಡರ್‌ಗಳ 16 ವಾಲ್ವ್‌ಗಳೂ ಸಮಪ್ರಮಾಣದಲ್ಲಿ ಇಳಿದಿರುವುದಿಲ್ಲ. ಆದ್ದರಿಂದ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅಳೆದು, ಸ್ಪ್ರಿಂಗ್‌ನ ಕೆಳಗೆ 0.015, 0.030 ಅಥವಾ 0.060 ಇಂಚಿನ ಶಿಮ್ ಇರಿಸಿ ಸಮ ಮಾಡಬೇಕು.

ರಿಟೇನರ್‌ನ ತಳಕ್ಕೂ ವಾಲ್ವ್ ಗೈಡ್‌ನ ಸೀಲ್‌ಗೂ ನಡುವೆ, ವಾಲ್ವ್ ಪೂರ್ಣ ತೆರೆದಾಗ, ಕನಿಷ್ಠ 0.050 ಇಂಚು ಉಳಿಯಬೇಕು. ಹಳೆಯ ಸ್ಮಾಲ್ ಬ್ಲಾಕ್ ಹೆಡ್‌ಗಳಲ್ಲಿ ಲಿಫ್ಟ್ 0.450 ಇಂಚನ್ನು ಸಮೀಪಿಸಿದಾಗಲೇ ಈ ಅಂತರವನ್ನು ಪರೀಕ್ಷಿಸುವುದು ಅಗತ್ಯ. ಸಾಲದಿದ್ದರೆ ಗೈಡ್‌ನ ತುದಿಯನ್ನು ಕತ್ತರಿಸಬೇಕಾಗುತ್ತದೆ. ವಾಲ್ವ್ ಮತ್ತು ಪಿಸ್ಟನ್ ನಡುವೆ ಒಳಸೇರುವ ವಾಲ್ವ್‌ಗೆ 0.080, ಹೊರಹೋಗುವ ವಾಲ್ವ್‌ಗೆ 0.100 ಇಂಚು ಕನಿಷ್ಠ ಅಂತರವೆಂಬುದು ರೂಢಿಯ ಮಾನದಂಡ.

ಇವೆಲ್ಲಕ್ಕೂ ಬೇಕಾದುದು ಒಂದು ಹೈಟ್ ಮೈಕ್ರೋಮೀಟರ್, ಒಂದು ಸ್ಪ್ರಿಂಗ್ ಪರೀಕ್ಷಕ ಮತ್ತು ಒಂದಿಷ್ಟು ತಾಳ್ಮೆ. ಕರ್ನಾಟಕದಲ್ಲಿಯೂ ಹೆಡ್ ದುರಸ್ತಿ ಮಾಡುವ ಪ್ರತಿಯೊಂದು ಕಾರ್ಯಾಗಾರಕ್ಕೆ ಈ ಮಾತು ಅನ್ವಯಿಸುತ್ತದೆ. ಎಂಜಿನ್ ಯಾವ ದೇಶದ್ದಾದರೂ, ಅದು ಟ್ರ್ಯಾಕ್ಟರ್‌ನದಾದರೂ, ಲಾರಿಯದಾದರೂ, ಆಸನ ಅರೆದಾಗ ಸ್ಪ್ರಿಂಗ್ ಸಡಿಲಾಗುವ ನಿಯಮ ಒಂದೇ.

ಹಣದ ಲೆಕ್ಕ

ಗ್ರಾಹಕನು ಹಳೆಯ ಸ್ಪ್ರಿಂಗ್‌ಗಳನ್ನೇ ಬಳಸಿ ಎಂದು ಒತ್ತಾಯಿಸುವುದು ಸಹಜ. ಈ ಒತ್ತಾಯಕ್ಕೆ ಮಣಿಯುವ ಮುನ್ನ ಒಂದು ಸರಳ ಲೆಕ್ಕ ಮಾಡಬಹುದು. ಕೆಳಗಿನ ಮೊತ್ತಗಳು ಕೇವಲ ಕಲ್ಪಿತ. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳನ್ನು ಅಲ್ಲಿ ತುಂಬಿಕೊಳ್ಳಬೇಕು.

ಸ್ಪ್ರಿಂಗ್‌ಗಳ ಜೋಡಣೆಯ ಬೆಲೆ 100 ಎಂದಿರಲಿ. ಲೋಬ್ ಸವೆದರೆ ಕ್ಯಾಮ್ ಮತ್ತು ಟ್ಯಾಪೆಟ್‌ಗಳಿಗೆ 400, ಸವೆದ ಲೋಹದ ಕಣಗಳು ಎಣ್ಣೆಯ ಮೂಲಕ ಬೇರಿಂಗ್‌ಗಳಿಗೆ ಸೇರುವುದರಿಂದ ಎಂಜಿನ್ ಪೂರ್ಣ ಬಿಚ್ಚಿ, ತೊಳೆದು, ಮರುಜೋಡಿಸಲು 1100, ಒಟ್ಟು 1500. ಸ್ಪ್ರಿಂಗ್ ಬದಲಾಯಿಸದೆ ಉಳಿಸಿದ್ದು 100. ಕೆಟ್ಟರೆ ಕಳೆದುಕೊಳ್ಳುವುದು 1500. ಅಂದರೆ 15 ಎಂಜಿನ್‌ಗಳಲ್ಲಿ ಒಂದು ಕೆಟ್ಟರೂ ಉಳಿತಾಯವೆಲ್ಲ ಕರಗಿತು. 14ರಲ್ಲಿ ಒಂದು ಕೆಟ್ಟರೆ ನಷ್ಟ ಆರಂಭವಾಯಿತು. ಇದರಲ್ಲಿ ಗ್ರಾಹಕನ ವಾಹನ ನಿಂತುದರ ನಷ್ಟವಾಗಲಿ, ಅಂಗಡಿಯ ಹೆಸರಿಗೆ ಬಂದ ಕುಂದಾಗಲಿ ಸೇರಿಲ್ಲ. ಹೀಗಿರುವಾಗ, ಮೇಲಾಗಿ ಉಳಿತಾಯ ಗ್ರಾಹಕನ ಪಾಲಿಗೂ ನಷ್ಟ ಕಾರ್ಯಾಗಾರದ ಪಾಲಿಗೂ ಹೋಗುವಾಗ, ಈ ವ್ಯವಹಾರ ಯಾವ ದೃಷ್ಟಿಯಿಂದಲೂ ಲಾಭದಾಯಕವಲ್ಲ.

ಕ್ಯಾಮ್, ಟ್ಯಾಪೆಟ್, ಸ್ಪ್ರಿಂಗ್, ರಿಟೇನರ್ ಮತ್ತು ಲಾಕ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ‘ಹೊಂದಾಣಿಕೆಯ ಕಿಟ್’ ಆಗಿ ಅಮೆರಿಕದ ತಯಾರಕರು ಮಾರುವುದರ ಹಿಂದೆ ಇದೇ ತರ್ಕವಿದೆ. ಕಿಟ್‌ನಿಂದ ಪ್ರತಿ ಮಾರಾಟದ ಮೊತ್ತ ಏರುತ್ತದೆ, ದೂರುಗಳು ಕಡಿಮೆಯಾಗುತ್ತವೆ. ಆದರೆ ದಾಸ್ತಾನಿನಲ್ಲಿ ಸಿಲುಕುವ ಬಂಡವಾಳ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು. ನಿಧಾನವಾಗಿ ಖರ್ಚಾಗುವ ಕಿಟ್‌ಗಳನ್ನು ಲೆಕ್ಕಪತ್ರ ಮಾನದಂಡ 2ರಂತೆ, ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಮೌಲ್ಯಮಾಪನ ಮಾಡತಕ್ಕದ್ದು.

ಕಾನೂನಿನ ದೃಷ್ಟಿ

ಸರಕು ಮಾರಾಟ ಅಧಿನಿಯಮ, 1930ರ 16ನೇ ಪ್ರಕರಣವನ್ನು ಪ್ರತಿಯೊಬ್ಬ ಬಿಡಿಭಾಗ ವ್ಯಾಪಾರಿಯೂ ಅರಿತಿರುವುದು ಅವಶ್ಯ. ಸರಕು ಇಂತಹ ಉದ್ದೇಶಕ್ಕೆ ಬೇಕು ಎಂದು ಕೊಳ್ಳುವವನು ತಿಳಿಸಿ, ಮಾರುವವನ ಪರಿಣತಿಯನ್ನು ಅವಲಂಬಿಸಿ ಖರೀದಿಸಿದರೆ, ಮತ್ತು ಆ ಸರಕು ಮಾರುವವನ ನಿತ್ಯದ ವ್ಯಾಪಾರಕ್ಕೆ ಸೇರಿದ್ದರೆ, ಅದು ಆ ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬ ಷರತ್ತು ಒಪ್ಪಂದದಲ್ಲಿ ತಾನಾಗಿಯೇ ಅಡಕವಾಗುತ್ತದೆ. ಆದರೆ ನಿರ್ದಿಷ್ಟ ಸರಕನ್ನು ಅದರ ವ್ಯಾಪಾರನಾಮದಿಂದಲೇ ಕೇಳಿ ಕೊಂಡಾಗ ಇಂತಹ ಷರತ್ತು ಅಡಕವಾಗುವುದಿಲ್ಲ.

ಇದರ ಅರ್ಥವನ್ನು ಕೌಂಟರ್‌ನ ಭಾಷೆಯಲ್ಲಿ ಹೇಳುವುದಾದರೆ, ‘ಇಂತಹ ಕಂಪನಿಯ ಇಂತಹ ಸಂಖ್ಯೆಯ ಸ್ಪ್ರಿಂಗ್ ಕೊಡಿ’ ಎಂದು ಗ್ರಾಹಕ ಕೇಳಿದರೆ ಆಯ್ಕೆ ಅವನದು. ‘ಈ ಕ್ಯಾಮ್ ಹಾಕುತ್ತಿದ್ದೇನೆ, ಯಾವ ಸ್ಪ್ರಿಂಗ್ ಹೊಂದುತ್ತದೆ?’ ಎಂದು ಕೇಳಿ, ನೀವು ಆರಿಸಿ ಕೊಟ್ಟರೆ ಹೊಣೆ ನಿಮ್ಮದು. ಎರಡೂ ಸಂದರ್ಭಗಳಲ್ಲಿ ಬಿಲ್ಲಿನಲ್ಲಿ ಕೇವಲ ‘ಸ್ಪ್ರಿಂಗ್, 16’ ಎಂದಷ್ಟೇ ಬರೆದಿದ್ದರೆ, ಯಾರು ಏನು ಕೇಳಿದರು ಎಂಬುದನ್ನು ಮುಂದೆ ಸಾಧಿಸುವುದು ಕಷ್ಟ.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವೇ ಇದೆ. 84ನೇ ಪ್ರಕರಣದಂತೆ, ಸರಿಯಾದ ಬಳಕೆಗೆ ಸಾಕಷ್ಟು ಸೂಚನೆಗಳನ್ನಾಗಲಿ ತಪ್ಪು ಬಳಕೆಯ ಬಗ್ಗೆ ಎಚ್ಚರಿಕೆಯನ್ನಾಗಲಿ ನೀಡದಿರುವುದೂ ತಯಾರಕನ ಹೊಣೆಗೆ ಕಾರಣವಾಗಬಲ್ಲದು. ಎತ್ತರ, ಒತ್ತಡ ಮತ್ತು ದರ ಮುದ್ರಿಸದೆ ಸ್ಪ್ರಿಂಗ್ ಮಾರುವ ಸಣ್ಣ ಉತ್ಪಾದಕರು ಇದನ್ನು ಗಮನಿಸಬೇಕು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯ ‘ಗ್ರಾಹಕ’ರಲ್ಲ ಎಂಬುದು ನಿಜವಾದರೂ, ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಕೊಂಡವರು ಗ್ರಾಹಕರೇ. ತಾವೇ ಟ್ಯಾಕ್ಸಿ ಓಡಿಸುವ ಮಾಲೀಕರು ಈ ವರ್ಗಕ್ಕೆ ಸೇರುತ್ತಾರೆ.

ರಸ್ತೆಯಲ್ಲಿ ಓಡುವ ವಾಹನದ ಎಂಜಿನ್‌ನ ಸ್ವರೂಪ ಬದಲಿಸುವುದಕ್ಕೆ ಬೇರೆಯೇ ನಿರ್ಬಂಧಗಳಿವೆ. ಮೋಟಾರು ವಾಹನ ಅಧಿನಿಯಮ, 1988ರ 52ನೇ ಪ್ರಕರಣ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ನೋಂದಣಿ ಪತ್ರದಲ್ಲಿನ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯಿಂದ ಬದಲಿಸಲಾದ 182-ಎ ಪ್ರಕರಣ ಕಾನೂನುಬಾಹಿರ ಮಾರ್ಪಾಡಿಗೆ ದಂಡನೆ ವಿಧಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿಯೂ, ಹೊಗೆ ನಿಯಂತ್ರಣಕ್ಕೆ ಒಳಪಟ್ಟ ವಾಹನಗಳಿಗೆ ಬದಲಿ ಕ್ಯಾಮ್ ಮಾರಲು ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಆದೇಶ ಬೇಕು. ಆದುದರಿಂದ ರೇಸಿಂಗ್‌ಗಾಗಿ ಮಾತ್ರ ತಯಾರಾದ ಭಾಗವನ್ನು ಮಾರುವಾಗ ಆ ಸಂಗತಿಯನ್ನು ಬಿಲ್ಲಿನಲ್ಲಿ ನಮೂದಿಸುವುದು ಕ್ಷೇಮ.

ತೆರಿಗೆ ಮತ್ತು ಲೆಕ್ಕಪತ್ರ

ಜಿ.ಎಸ್.ಟಿ. ಅಡಿಯಲ್ಲಿ ಹಿಂದೆ ವಾಹನ ಬಿಡಿಭಾಗಗಳ ಮೇಲೆ ಶೀರ್ಷಿಕೆಗೆ ತಕ್ಕಂತೆ ಶೇ. 18 ಮತ್ತು ಶೇ. 28ರ ದರಗಳಿದ್ದವು. ಭಿನ್ನ ದರಗಳ ಸರಕುಗಳನ್ನು ಒಂದೇ ಬೆಲೆಗೆ ಕಿಟ್ ಆಗಿ ಮಾರಿದರೆ ಅದು ‘ಮಿಶ್ರ ಪೂರೈಕೆ’ಯಾಗಿ ಇಡೀ ಕಿಟ್‌ಗೆ ಗರಿಷ್ಠ ದರ ಅನ್ವಯಿಸುವ ಭೀತಿಯಿತ್ತು. 22 ಸೆಪ್ಟೆಂಬರ್ 2025ರಿಂದ ಎಲ್ಲ ವಾಹನ ಬಿಡಿಭಾಗಗಳಿಗೂ ಏಕರೂಪದ ಶೇ. 18ರ ದರ ಜಾರಿಗೆ ಬಂದಿರುವುದರಿಂದ ಕಿಟ್ ಮಾರಾಟಕ್ಕಿದ್ದ ಈ ಅಡಚಣೆ ಬಹುಮಟ್ಟಿಗೆ ನಿವಾರಣೆಯಾಗಿದೆ.

ವಾರಂಟಿ ಅವಧಿಯಲ್ಲಿ ಹಣ ಪಡೆಯದೆ ಭಾಗ ಬದಲಾಯಿಸಿಕೊಟ್ಟರೆ ಆ ಬದಲಿಯ ಮೇಲೆ ಪ್ರತ್ಯೇಕ ತೆರಿಗೆ ಇಲ್ಲ. ತಯಾರಕರು ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗಿಯೂ ಇಲ್ಲ. ಕೇಂದ್ರ ಪರೋಕ್ಷ ತೆರಿಗೆಗಳ ಮಂಡಳಿಯು 17 ಜುಲೈ 2023ರ 195/07/2023 ಸಂಖ್ಯೆಯ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆದರೆ ಲಿಖಿತ ವಾರಂಟಿಯೇ ಇಲ್ಲದೆ ಕೇವಲ ಸೌಹಾರ್ದಕ್ಕಾಗಿ ಉಚಿತ ಬದಲಿ ನೀಡಿದಾಗ ಆ ಜಮೆಯ ಬಗ್ಗೆ ಪ್ರಶ್ನೆ ಏಳುವ ಸಂಭವವಿದೆ. ವಾರಂಟಿ ನೀಡುವ ಸಂಸ್ಥೆಗಳು ವರ್ಷಾಂತ್ಯದಲ್ಲಿ ಲೆಕ್ಕಪತ್ರ ಮಾನದಂಡ 29ರಂತೆ, ಹಿಂದಿನ ಅನುಭವದ ಆಧಾರದ ಮೇಲೆ ಅಂದಾಜು ವೆಚ್ಚಕ್ಕೆ ಅವಕಾಶ ಕಲ್ಪಿಸತಕ್ಕದ್ದು. ಇದಕ್ಕೆ ಹಿಂದಿರುಗಿದ ಸರಕಿನ ದಾಖಲೆ ಬೇಕು. ಬಹಳಷ್ಟು ಅಂಗಡಿಗಳಲ್ಲಿ ಕಾಣದಿರುವುದು ಅದೊಂದೇ ಪುಸ್ತಕ.

ಅನುಸರಿಸಬಹುದಾದ ಕ್ರಮಗಳು

1. ಕ್ಯಾಮ್ ಮಾರುವಾಗ ಅದರ ಕಾರ್ಡ್ ಇಲ್ಲದೆ ಮಾರಬೇಡಿ. ಕಾರ್ಡ್‌ನ ಪ್ರತಿಯೊಂದನ್ನು ಬಿಲ್ಲಿನೊಡನೆ ಇರಿಸಿಕೊಳ್ಳಿ.
2. ಸ್ಪ್ರಿಂಗ್ ಶಿಫಾರಸು ಮಾಡುವ ಮುನ್ನ ಟ್ಯಾಪೆಟ್‌ನ ಬಗೆ, ವಾಲ್ವ್ ಲಿಫ್ಟ್, ರಾಕರ್ ಅನುಪಾತ ಮತ್ತು ಅಳತೆ ಮಾಡಿದ ಅಳವಡಿಕೆಯ ಎತ್ತರ, ಈ ನಾಲ್ಕನ್ನು ಮುದ್ರಿತ ನಮೂನೆಯಲ್ಲಿ ಬರೆಯಿಸಿ ಗ್ರಾಹಕರ ಸಹಿ ಪಡೆಯಿರಿ.
3. ಗ್ರಾಹಕರೇ ಆರಿಸಿದ ಭಾಗವಾದರೆ ತಯಾರಕರ ಹೆಸರು ಮತ್ತು ಭಾಗಸಂಖ್ಯೆ ಸಹಿತ ‘ಗ್ರಾಹಕರ ಆಯ್ಕೆಯಂತೆ’ ಎಂದು ಬಿಲ್ಲಿನಲ್ಲಿ ನಮೂದಿಸಿ.
4. ಕಾರ್ಯಾಗಾರಗಳು ಹೆಡ್ ದುರಸ್ತಿಯ ನಂತರ ಪ್ರತಿ ವಾಲ್ವ್‌ನ ಎತ್ತರ, ಒತ್ತಡ ಮತ್ತು ಶಿಮ್ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಗ್ರಾಹಕರಿಗೆ ಕೊಡಲಿ.
5. ಉತ್ಪಾದಕರು ಪ್ರತಿ ತಂಡದಿಂದ ಮಾದರಿ ಸ್ಪ್ರಿಂಗ್‌ಗಳನ್ನು ಪರೀಕ್ಷಿಸಿ, ತಂಡದ ಸಂಖ್ಯೆ ಹಾಗೂ ಎತ್ತರ ಸಹಿತ ಒತ್ತಡವನ್ನು ಪೆಟ್ಟಿಗೆಯ ಮೇಲೆ ಮುದ್ರಿಸಲಿ. ತಂತಿಯ ಪೂರೈಕೆದಾರರ ಪರೀಕ್ಷಾ ಪ್ರಮಾಣಪತ್ರವನ್ನು ಅದೇ ಸಂಖ್ಯೆಯಡಿ ಕಾಪಾಡಲಿ. ತಂತಿಯಲ್ಲಿನ ಸೂಕ್ಷ್ಮ ಕಲ್ಮಶದಿಂದಲೇ ದಣಿವಿನ ಬಿರುಕು ಆರಂಭವಾಗುತ್ತದೆ.
6. ಮೊದಲ ಓಟದ ಸೂಚನೆಗಳನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಮುದ್ರಿಸಿ ಸರಕಿನೊಡನೆ ನೀಡಿ. ಓದುವವನು ಮೆಕ್ಯಾನಿಕ್ ಎಂಬುದು ನೆನಪಿರಲಿ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗ ವ್ಯಾಪಾರಿಗಳಿಂದ ಹಿಡಿದು ಪೀಣ್ಯ ಮತ್ತು ಬೆಳಗಾವಿಯ ಸಣ್ಣ ಕಾರ್ಖಾನೆಗಳವರೆಗೆ, ನಮ್ಮಲ್ಲಿ ಕೌಶಲಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಅಳತೆಯನ್ನು ಕಾಗದದ ಮೇಲೆ ಇಳಿಸುವ ಅಭ್ಯಾಸಕ್ಕೆ. ಸ್ಪ್ರಿಂಗ್‌ನ ಐದು ಅಂಕಿಗಳನ್ನು ಬರೆದಿಡಲು ಎರಡು ನಿಮಿಷ ಸಾಕು. ಬರೆಯದಿದ್ದುದರ ಬೆಲೆಯನ್ನು ಎಂಜಿನ್ ಮಾಲೀಕ, ಕಾರ್ಯಾಗಾರ ಮತ್ತು ವ್ಯಾಪಾರಿ ಮೂವರೂ ತೆರಬೇಕಾಗುತ್ತದೆ. ನಮ್ಮ ಸಂಸ್ಥೆಯ ಬಿಡಿಭಾಗ ವಿಭಾಗದ ಸದಸ್ಯರು ಒಂದೆಡೆ ಕುಳಿತು ಮೇಲಿನ ನಮೂನೆಗೆ ಸಾಮಾನ್ಯ ರೂಪ ಕೊಟ್ಟರೆ, ಅದು ಎಲ್ಲರಿಗೂ ಉಪಯುಕ್ತವಾದೀತು.